ತಕ್ಕಡಿ ತೋರಿಸದ ಮೂರು ಅಂಕಿ

ಕೆಮ್ಮಿನ ಔಷಧಿ ಕುಡಿದು ಎರಡು ಮಕ್ಕಳು ಸತ್ತಿದ್ದವು. ಮಾರನೆಯ ಬೆಳಿಗ್ಗೆ ಇನ್‌ಸ್ಪೆಕ್ಟರಮ್ಮ ಔಷಧಿ ಕಾರ್ಖಾನೆಯ ಒಳಗೆ ಕಾಲಿಟ್ಟಾಗ ಸಕ್ಕರೆ ಪಾಕದ ವಾಸನೆ ಮೂಗಿಗೆ ಬಡಿಯಿತು.

"ಇವಳೇ ಮೇಡಂ." ಕಾರ್ಖಾನೆಯ ತಪಾಸಣೆ ಅಧಿಕಾರಿ ಔಷಧಿ ಬೆರೆಸುವ ಹೆಂಗಸಿನತ್ತ ಬೆರಳು ಮಾಡಿದ. "ಪುಡಿ ಜಾಸ್ತಿ ಸುರಿದಿದ್ದಾಳೆ. ಓದಿದ್ದು ಅಷ್ಟರಲ್ಲೇ ಇದೆ. ಚೀಟಿ ನೋಡಿ, ಐದು ಗ್ರಾಂ ಅಂತ ಬರೆಯೋಕೂ ಬರಲ್ಲ. ಐದು ಪಾಯಿಂಟ್ ಸೊನ್ನೆಯಂತೆ."

ಹೆಂಗಸು ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷ ದುಡಿದವಳಿಗೆ ಸಂಜೆಯೊಳಗೆ ಜೈಲು ಕಾದಿತ್ತು.

"ಯಾಕಕ್ಕಾ ಆ ಸೊನ್ನೆ?"

"ತಕ್ಕಡಿ ತೋರಿಸ್ತಮ್ಮಾ, ಬರೆದೆ. ತೋರಿಸಿದ್ದನ್ನ ಬಿಡಬಾರದು, ತೋರಿಸದೇ ಇದ್ದದ್ದನ್ನ ಸೇರಿಸಬಾರದು."

* * *

ಮಧ್ಯಾಹ್ನ ಪ್ರಯೋಗಾಲಯದಿಂದ ಫೋನು ಬಂತು. ಪುಡಿ ಸರಿಯಾಗಿಯೇ ಇತ್ತು. ಅದನ್ನು ಕರಗಿಸಿದ ದ್ರವವೇ ವಿಷ. ಆ ದ್ರವದ ಡ್ರಮ್ಮುಗಳನ್ನು ಪರೀಕ್ಷಿಸಿ ಒಳಗೆ ಬಿಡಬೇಕಾದವನು ಇದೇ ಅಧಿಕಾರಿ.

"ಒಂದೂ ಬಿಡದೆ ಪರೀಕ್ಷೆ ಮಾಡಿದ್ದೀನಿ ಮೇಡಂ. ರಿಜಿಸ್ಟರ್ ನೋಡಿ, ಎಷ್ಟು ಕರಾರುವಾಕ್ಕಾಗಿದೆ."

ಮುತ್ತು ಪೋಣಿಸಿದಂಥ ಅಕ್ಷರ. ಮಾದರಿಯ ತೂಕ ೨.೪೧೩೭ ಗ್ರಾಂ. ಮುಂದಿನದು ೨.೩೮೬೯. ಮೊನ್ನೆಯ ದಿನಾಂಕದವರೆಗೂ ಪುಟಪುಟಕ್ಕೂ ಪಾಯಿಂಟಿನ ಆಚೆ ನಾಲ್ಕು ಅಂಕಿ.

"ಯಾವುದರಲ್ಲಿ ತೂಗಿದ್ರಿ?"

"ಸೂಕ್ಷ್ಮ ತಕ್ಕಡಿ ರಿಪೇರಿಗೆ ಹೋಗಿ ಮೂರು ತಿಂಗಳಾಯ್ತು. ಈಗ ಎಲ್ಲದಕ್ಕೂ ಇವಳು ಪುಡಿ ತೂಗೋ ಈ ತಕ್ಕಡಿಯೊಂದೇ."

ಇನ್‌ಸ್ಪೆಕ್ಟರಮ್ಮ ಉಂಗುರ ಬಿಚ್ಚಿ ತಟ್ಟೆಗೆ ಹಾಕಿದಳು. ತಕ್ಕಡಿ ೩.೧ ತೋರಿಸಿ ನಿಂತಿತು.

"ಇನ್ನು ಮೂರು ಅಂಕಿ ಎಲ್ಲಿ?"



* * *

"ಈ ತಕ್ಕಡಿಗೆ ಪಾಯಿಂಟಿನ ಆಚೆ ಒಂದೇ ಅಂಕಿ ಗೊತ್ತು. ಅಕ್ಕನ ಸೊನ್ನೆ ಅದು ತೋರಿಸಿದ ಸೊನ್ನೆ. ನಿಮ್ಮದು? ತೂಗಿದ್ದಿದ್ರೆ ಕಂಡದ್ದನ್ನೇ ಬರೀತಿದ್ರಿ. ತೂಗಲೇ ಇಲ್ಲ. ಹಳೇ ಪುಟಗಳ ಥರ ಕಾಣಲಿ ಅಂತ ಕೂತಲ್ಲೇ ಕಾಗೆ ಹಾರಿಸಿದ್ರಿ. ಮೂರು ತಿಂಗಳು ಒಂದು ಡ್ರಮ್ಮಿನ ಮುಚ್ಚಳವನ್ನೂ ತೆಗೆದಿಲ್ಲ. ಮಕ್ಕಳು ಸತ್ತ ಮೇಲೆ ಇವಳನ್ನ ಹಳ್ಳಕ್ಕೆ ತಳ್ಳೋಕೆ ಹೊರಟ್ರಿ."

"ಯಾವಾಗಲೂ ಒಂದೇ ಥರ ಬರ್ತಿತ್ತು ಮೇಡಂ," ಎಂದ, ಸ್ವರ ಇಳಿಸಿ. "ಹೆಚ್ಚುಕಮ್ಮಿ ಸರಿಯಾಗೇ ಬರೆದಿದ್ದೆ."

ಥೂ, ಇವನೂ ಒಬ್ಬ ಮನುಷ್ಯ. ಮುಖಕ್ಕೆ ಉಗಿಯಬೇಕೆನಿಸಿತು ಅವಳಿಗೆ. ಅಲ್ಲಿಟ್ಟ ಉಂಗುರವನ್ನು ಬೆರಳಿಗೆ ಹಾಕಿಕೊಳ್ಳಲೂ ಮನಸ್ಸು ಬರದೆ ಕರವಸ್ತ್ರದಲ್ಲಿ ಸುತ್ತಿದಳು.

"ಸತ್ತ ಮಕ್ಕಳು ಎರಡು," ಎಂದಳು. "ಇದು ತೂಗಿದ್ದಲ್ಲ, ಎಣಿಸಿದ್ದು. ಇದರಲ್ಲಿ ಹೆಚ್ಚುಕಮ್ಮಿ ಇಲ್ಲ. ನಡಿ."