ಗಾಲಿ ಇಳಿಸುವ ಪಾಠ

ರಸ್ತೆ ಕಾಣುತ್ತಿರಲಿಲ್ಲ!

ಆಕಾಶ ಕಾಣುತ್ತಿತ್ತು. ಅದಕ್ಕೆ ಅಡ್ಡವಾಗಿ ನನ್ನದೇ ಬೈಕಿನ ಮುಂದಿನ ಗಾಲಿ ತಿರುಗುತ್ತಿತ್ತು. ಅದರಾಚೆ ಏನಿದೆಯೋ, ಯಾರಿದ್ದಾರೋ... ಗೊತ್ತಿಲ್ಲ!

ಹಿಂದೆ ಎರಡು ಬೈಕು. ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಒಂದು ಮೊಬೈಲು. ಆ ಮೊಬೈಲಿಗಾಗಿಯೇ ಅವರು ಇಳಕಲ್ಲಿನ ಓಣಿಯಿಂದ ಈ ಕಲ್ಲಿನ ಕ್ವಾರಿಯವರೆಗೆ ನನ್ನನ್ನು ಅಟ್ಟಿಸಿಕೊಂಡು ಬಂದಿದ್ದರು.

ನನಗೆ ನಲವತ್ತೆರಡು ವರ್ಷ. ಹೊಟ್ಟೆ ಬೆಲ್ಟಿನ ಮೇಲೆ ಇಳಿಬಿದ್ದಿದೆ. ಮುಂದಿನ ಗಾಲಿ ಎತ್ತಿ ಬೈಕ್ ಓಡಿಸುವ ವೀಲಿಂಗ್ ಕಲಿಯಲು ಶುರುಮಾಡಿ ಬರೀ ಹದಿನೆಂಟು ದಿನ!

ತಡೀರಿ... ಹೀಗೆ ನಡುವಿನಿಂದ ಹೇಳಿದರೆ ನಿಮಗೆ ತಿಳಿಯುವುದಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಾನು ಬೀರೇಶ. ಬೇವೂರಿನವನು. ಹನ್ನೊಂದು ವರ್ಷ ಟ್ರಾಫಿಕ್ ಕಾನ್‌ಸ್ಟೇಬಲ್ ಆಗಿದ್ದೆ. ಒಬ್ಬ ದೊಡ್ಡ ಮನುಷ್ಯನ ಕಾರಿಗೆ ಲಾಕ್ ಹಾಕಿದೆ. ತೆಗೆ ಎಂದರು, ತೆಗೆಯಲಿಲ್ಲ. ಕೊನೆಗೆ ನನ್ನನ್ನೇ ತೆಗೆದರು! ಈಗ ಕಳುವಾದ ಬೈಕುಗಳನ್ನು ಹುಡುಕಿಕೊಡುತ್ತೇನೆ. ಬೈಕ್ ಹುಡುಕುವವನು ಮನುಷ್ಯರನ್ನೂ ಹುಡುಕಿಯಾನು ಎಂದು ಕೆಲವರು ನಂಬುತ್ತಾರೆ.

ಇಳಕಲ್ಲಿನ ಅಮೀನಬಿ ಹಾಗೆ ನಂಬಿ ಬಂದವಳು. ಮಗ್ಗದ ಮನೆಯವಳು. ಒಳಗೆ ಬಂದು ಕೂಡಲಿಲ್ಲ, ಅಳಲೂ ಇಲ್ಲ.

"ನನ್ನ ಮಗಳ ಕಾಲ ತಗದಾವನ್ನ ಹುಡುಕಿ ಕೊಡ್ರಿ," ಎಂದಳು.

ಮರುದಿನ ಅವಳ ಮನೆಗೆ ಹೋದೆ. ಮಗಳು ಸುಲ್ತಾನಾ ಗೋಡೆಗೆ ಒರಗಿ ರಾಟೆಯಲ್ಲಿ ಕೆಂಪು ರೇಷ್ಮೆ ನೂಲು ಸುತ್ತುತ್ತಿದ್ದಳು. ಇಪ್ಪತ್ತು ವರ್ಷ. ನರ್ಸಿಂಗ್ ಓದುತ್ತಿದ್ದಳು. ಬಲಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ.

ನಾಲ್ಕು ತಿಂಗಳ ಹಿಂದಿನ ಮಾತು. ಬೆಳಗ್ಗೆ ಏಳು ಗಂಟೆ. ಹುನಗುಂದದ ಹತ್ತಿರ ಬಸ್ಸಿಳಿದು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಳು. ಬೈಕ್ ಬಂತು. ಹೊಡೆಯಿತು. ಹೋಯಿತು. ನಂಬರ್ ಇಲ್ಲ, ಕ್ಯಾಮೆರಾ ಇಲ್ಲ, ನೋಡಿದವರಿಲ್ಲ. ಫೈಲಿನಲ್ಲಿ ಎರಡೇ ಶಬ್ದ. ಅಪರಿಚಿತ ವಾಹನ.

"ಮಾರಿ ನೋಡೀಯೇನವ್ವಾ?" ಎಂದೆ.

"ಮಾರೀನ ಇರಲಿಲ್ರಿ ಸರ್. ಬರೇ ಗಾಲಿ ಇತ್ತು. ನನ್ನ ಎದಿ ಮಟ್ಟ ಬಂತು. ಅದರ ಹಿಂದ ಮನಷ್ಯಾನ ಇಲ್ಲೇನೋ ಅನ್ನಂಗ."

"ಬ್ಯಾರೆ ಏನರ ನೆನಪೈತೇನು?"

ರಾಟೆ ನಿಂತಿತು.

"ಹಿಂದಿಂದ ಇನ್ನೊಬ್ಬಾಂವ ಒದರಾಕತ್ತಿದ್ದ. 'ಬ್ರೇಕ್ ತುಳಿ! ಹಿಂದಿನ ಬ್ರೇಕ್ ತುಳಿ!' ಅಂತ. ಆ ದನಿ ದಿನಾ ಕೇಳ್ತೈತ್ರಿ ನನಗ."

ನಾನು ಎದ್ದು ನಿಂತೆ.

ಗಾಲಿ ಎತ್ತಿದವನ ಹಿಂದೆ ಇನ್ನೊಂದು ಬೈಕಿನಲ್ಲಿ ಬಂದು ಬ್ರೇಕ್ ತುಳಿ ಎಂದು ಕೂಗುವವನು ಯಾರು? ಮಾಸ್ತರ! ಅಂದ ಮೇಲೆ ಹೊಡೆದವನು ಕಲಿಯುವವನು. ಮಾಸ್ತರ ಸಿಕ್ಕರೆ ಶಿಷ್ಯ ಸಿಕ್ಕ ಹಾಗೆಯೇ.

ಪೊಲೀಸಿನವನಾಗಿದ್ದೆ ಎಂದು ಹೇಳಿಕೊಂಡು ಹೋದರೆ ಯಾವ ಮಾಸ್ತರನೂ ಬಾಯಿ ಬಿಡುವುದಿಲ್ಲ. ಕಲಿಯುತ್ತೇನೆ ಎಂದು ಹೋದರೆ? ತಾನಾಗಿಯೇ ಬಿಡುತ್ತಾನೆ.

ಬಾಗಲಕೋಟೆಯಿಂದ ಬಾದಾಮಿಯವರೆಗೆ ಮೂರು ದಿನ ಗ್ಯಾರೇಜು ಗ್ಯಾರೇಜು ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ ಹೆಸರು. ಕುಳಗೇರಿ ಕ್ರಾಸಿನ ಅನೀಸ.

ಇಪ್ಪತ್ತೆಂಟರ ಸಣಕಲು ಮೆಕ್ಯಾನಿಕ್. ಕೈತುಂಬ ಆಯಿಲ್. ನನ್ನ ಹೊಟ್ಟೆ ನೋಡಿದ. ನನ್ನ ಬೈಕ್ ನೋಡಿದ. ಮತ್ತೆ ಹೊಟ್ಟೆ ನೋಡಿದ.

"ಈ ವಯಸ್ಸಿನ್ಯಾಗ ಇದ್ಯಾಕ ಬೇಕ್ರಿ ಕಾಕಾ?"

"ಹೆಂಡ್ತಿಗಿ ತೋರಸ್ಬೇಕು."

"ನಗ್ತಾಳ್ರಿ."

"ನಗಲಿ. ಆಕಿ ನಕ್ಕು ಭಾಳ ದಿನ ಆತು."

ಅವನೇ ನಕ್ಕುಬಿಟ್ಟ. ಮರುದಿನ ಮುಂಜಾನೆಯಿಂದ ಪಾಠ ಶುರು.

ಜಾಗ ಒಂದು ಹಳೆಯ ಲೇಔಟ್. ಟಾರ್ ರಸ್ತೆ ಇತ್ತು. ಮನೆ ಒಂದೂ ಎದ್ದಿರಲಿಲ್ಲ. ಮೊದಲ ಮೂರು ದಿನ ಅನೀಸ ಗಾಲಿ ಎತ್ತಲು ಬಿಡಲೇ ಇಲ್ಲ.

"ಎತ್ತೂದು ಆಮ್ಯಾಲೆ. ಮೊದಲ ಇಳಸೂದು ಕಲೀರಿ. ಬಲಗಾಲು ಹಿಂದಿನ ಬ್ರೇಕ್ ಮ್ಯಾಲೇ ಇರಬೇಕು. ತುಳದ್ರ ಗಾಲಿ ಕೆಳಗ ಬರ್ತೈತಿ. ತುಳೀದಿದ್ರ ನೀವು ಕೆಳಗ ಬರ್ತೀರಿ!"

ನಾಲ್ಕನೇ ದಿನ ಕ್ಲಚ್.

"ಫಸ್ಟ್ ಗೇರ್. ಕ್ಲಚ್ ಹಿಡೀರಿ. ಎಕ್ಸಲೇಟರ್ ಏರಸ್ರಿ. ಹ್ಞಾಂ... ಈಗ ಕ್ಲಚ್ ಬಿಡ್ರಿ!"

ಬಿಟ್ಟೆ. ಇಂಜಿನ್ ಕೆಮ್ಮಿ ಸತ್ತಿತು.

ಇನ್ನೊಮ್ಮೆ ಬಿಟ್ಟೆ. ಬೈಕು ನನ್ನನ್ನು ಅಲ್ಲೇ ಕೂರಿಸಿ ತಾನೊಂದೇ ಹೋಗಿ ಜಾಲಿ ಕಂಟಿಯೊಳಗೆ ನುಗ್ಗಿತು. ಕಿರುಬೆರಳು ಮುರಿಯಿತು. ಅನೀಸ ಓಡಿ ಬಂದು, ಐಸ್‌ಕ್ರೀಮ್ ಕಡ್ಡಿ ಇಟ್ಟು ಬಟ್ಟೆ ಕಟ್ಟಿದ. ತನ್ನ ಬಾಟಲಿಯಿಂದ ತಾನೇ ನೀರು ಕುಡಿಸಿದ.

"ಸಾಕ್ರಿ ಕಾಕಾ. ಬಿಡ್ರಿ ಇದನ್ನ."

"ಬಿಡಾಂವ ಅಲ್ಲ ನಾ."

ಒಂಬತ್ತನೇ ದಿನ ಗಾಲಿ ಎದ್ದಿತು!

ಹೇಳಬಾರದು, ಆದರೂ ಹೇಳುತ್ತೇನೆ. ಖುಷಿಯಾಯಿತು. ಎರಡೇ ಸೆಕೆಂಡ್... ಹ್ಯಾಂಡಲ್ ಹಗುರವಾಗಿ, ಎದೆಯೊಳಗೆ ಏನೋ ಬಿಚ್ಚಿಕೊಂಡು, ನೌಕರಿ ಹೋದದ್ದು, ಮನೆಯ ಜಗಳ, ಎಲ್ಲ ಕೆಳಗೆಲ್ಲೋ ಉಳಿದುಬಿಟ್ಟಿತ್ತು. ಅಂದು ಸಂಜೆ ವರದಿ ಹೇಳಲು ಹೋದಾಗ ಸುಲ್ತಾನಾ ಕೇಳಿದಳು.

"ಎದ್ದಿತೇನ್ರಿ ಗಾಲಿ? ಹೆಂಗ ಅನಸ್ತು?"

"ಏನೂ ಅನಸಲಿಲ್ಲವ್ವಾ."

"ಸುಳ್ಳ ಹೇಳಬ್ಯಾಡ್ರಿ ಸರ್. ಮಾರಿ ಮ್ಯಾಲೆ ಕಾಣ್ತೈತಿ."

ತಲೆ ತಗ್ಗಿಸಿ ಹೊರಬಿದ್ದೆ.

ಹನ್ನೆರಡನೇ ದಿನದಿಂದ ಅನೀಸ ತನ್ನ ಬೈಕಿನಲ್ಲಿ ನನ್ನ ಹಿಂದೆ ಬರತೊಡಗಿದ. ಹ್ಯಾಂಡಲ್‌ಗೆ ಮೊಬೈಲ್ ಸಿಗಿಸಿ ವಿಡಿಯೋ ಮಾಡುತ್ತಿದ್ದ. ತಪ್ಪು ತೋರಿಸಲು.

"ನೋಡ್ರಿ ಇಲ್ಲೆ, ಕಾಲು ಬ್ರೇಕ್ ಬಿಟ್ಟೈತಿ."

"ಎಲ್ಲಾರ್ದೂ ಹಿಂಗ ತಗೀತೀಯೇನು?"

"ಎಲ್ಲಾರ್ದೂ."

ಮತ್ತೆ ಗಾಲಿ ಎತ್ತಿದೆ. ಸ್ವಲ್ಪ ಜಾಸ್ತಿಯೇ ಎದ್ದಿತು. ಹಿಂದಿನಿಂದ ಗಂಟಲು ಹರಿಯುವ ಹಾಗೆ ಕೂಗು ಬಂತು.

"ಬ್ರೇಕ್ ತುಳೀರಿ! ಹಿಂದಿನ ಬ್ರೇಕ್ ತುಳೀರಿ!"

ತುಳಿದೆ. ಬೈಕ್ ನಿಂತಿತು.

ಅವನೇ!

ನನ್ನ ಬೆರಳು ಕಟ್ಟಿದವನು. ನನಗೆ ನೀರು ಕುಡಿಸಿದವನು.

ಅದೇ ದಿನ ಮಧ್ಯಾಹ್ನ ಫೋನ್ ಬಂತು. ಗುರುತಿಲ್ಲದ ನಂಬರ್.

"ಪೊಲೀಸಪ್ಪಾರ... ಕುಳಗೇರಿ ಕ್ರಾಸಿನ್ಯಾಗ ಏನ್ ಕಲ್ಯಾಕತ್ತೀರಿ?"

"ಯಾರಪ್ಪಾ ನೀ?"

"ಗಾಲಿ ಭಾಳ ಎತ್ತಬ್ಯಾಡ್ರಿ. ಬೀಳ್ತೀರಿ. ಬಿದ್ರ ಎತ್ತಾವ್ರು ಇರೂದಿಲ್ಲ."

ಕಟ್!

ಬಹಳ ತಡ ಮಾಡಿದರೆ ವಿಡಿಯೋ ಉಳಿಯುವುದಿಲ್ಲ, ಅನೀಸನೂ ಉಳಿಯುವುದಿಲ್ಲ. ಆದರೆ ಗದರಿಸಿದರೆ ಅವನು ಮೊಬೈಲನ್ನು ಬಾವಿಗೆ ಎಸೆದಾನು. ಅವನಿಗೆ ಸಂಶಯ ಬಾರದಿರಲೆಂದು ಐದು ದಿನ ಏನೂ ಗೊತ್ತಿಲ್ಲದವನ ಹಾಗೆ ಗಾಲಿ ಎತ್ತಿದೆ, ಇಳಿಸಿದೆ. ಹದಿನೆಂಟನೇ ದಿನ ಹೇಳಿದೆ.

"ನಡಿಯೋ, ಇಳಕಲ್ಲಿಗೆ ಹೋಗಿ ಬರೂಣು. ನನಗ ಬೇಕಾದವರ ಮನ್ಯಾಗ ಊಟ."

ಮೋಸದ ಮಾತು. ಅವನು ಅಂಗಿ ಬದಲಿಸಿ, ತಲೆ ಬಾಚಿಕೊಂಡು ನನ್ನ ಹಿಂದೆ ಕೂತ. ದಾರಿಯುದ್ದಕ್ಕೂ ಖುಷಿಯಿಂದ ಮಾತಾಡಿದ. ನಾನು ಹ್ಞೂಂ ಅಂದದ್ದೂ ಕಡಿಮೆ.

ಅಮೀನಬಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅನೀಸ ಅವಳಿಗೆ ಹೇಳಿದ.

"ಖಾಲಾ, ಒಂದೀಟು ನೀರು ಕೊಡ್ರಿ."

ಒಳಗೆ ರಾಟೆ ನಿಂತಿತು.

"ಇನ್ನೊಮ್ಮಿ ಮಾತಾಡು," ಎಂದಳು ಸುಲ್ತಾನಾ. ನೆಲದ ಮೇಲೆ ಕೈಯೂರಿ ಮುಂದಕ್ಕೆ ಸರಿದಳು. "'ಬ್ರೇಕ್ ತುಳಿ' ಅನ್ನು. ಅನ್ನು ನೋಡೂಣು!"

ಅನೀಸ ಅವಳ ಮುಖ ನೋಡಿದ. ಕಾಲು ನೋಡಿದ. ಕಾಲಿಲ್ಲದ ಜಾಗ ನೋಡಿದ. ಹೊಸ್ತಿಲ ಮೇಲೆ ಕುಸಿದು ಕೂತ.

"ಒದರಿದ್ನಿ... ಖರೇನ ಒದರಿದ್ನಿ. ಅಂವ ತುಳೀಲಿಲ್ಲ."

"ನೀ ಯಾಕ ನಿಲ್ಲಲಿಲ್ಲ?"

"ಅಂಜಿಕಿ ಬಂತು."

"ನನಗ ಬರಲಿಲ್ಲೇನು?"

ಅನೀಸ ಕಿಸೆಯಿಂದ ಮೊಬೈಲ್ ತೆಗೆದು ನನ್ನ ಕೈಯಲ್ಲಿಟ್ಟ.

"ಅವತ್ತಿನ ವಿಡಿಯೋ ಅಳಸು ಅಂತ ವಾರಕ್ಕೊಮ್ಮಿ ಫೋನ್ ಮಾಡ್ತಾನ್ರಿ ಕಾಕಾ. ಅಳಸೀನಿ ಅಂತ ಹೇಳೀನಿ. ಅಳಸಾಕ ಕೈ ಬರಲಿಲ್ಲ."

"ಯಾರಂವ?"

"ಆನಂದ. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯವರ ಮಗ. ಅವತ್ತ ಕಲಸಾಕ ಹುನಗುಂದಕ್ಕ ಕರಸಿದ್ದ."

ಮೂವತ್ತೆಂಟು ಸೆಕೆಂಡಿನ ವಿಡಿಯೋ. ಅಮೀನಬಿ ಗೋಡೆಯ ಕಡೆ ತಿರುಗಿ ನಿಂತಳು. ಸುಲ್ತಾನಾ ಪೂರ್ತಿ ನೋಡಿದಳು. ರೆಪ್ಪೆ ಬಡಿಯಲಿಲ್ಲ.

"ಹೊಡದ ಮ್ಯಾಲೆ ತಿರುಗಿ ನೋಡ್ಯಾನ್ರಿ ಸರ್," ಎಂದಳು. "ನೋಡಿ ಹೋಗ್ಯಾನ."

ಹೊರಗೆ ಬೈಕಿನ ಸದ್ದು! ಓಣಿಯ ತುದಿಯಲ್ಲಿ ಎರಡು ಬೈಕು. ಅನೀಸ ನನ್ನ ಹಿಂದೆ ಕೂತಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನೋಡಿ ಸುದ್ದಿ ಮುಟ್ಟಿಸಿದ್ದರು. ಮುಂದಿನ ಬೈಕಿನಲ್ಲಿದ್ದವನದು ಫೋನಿನ ಅದೇ ದನಿ. ಅವನೇ ಆನಂದ.

"ಪೊಲೀಸಪ್ಪಾರ, ಆ ಮೊಬೈಲ್ ಇತ್ಲಾಗ ಕೊಡ್ರಿ. ಶಾಣ್ಯಾರಂಗ ಮನಿಗೆ ಹೋಗ್ರಿ."

"ಶಾಣ್ಯಾ ಆಗಿದ್ರ ನಾ ಇನ್ನೂ ನೌಕರಿಯಾಗ ಇರ್ತಿದ್ನಿ!"

ಅನೀಸ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಹೋಗ್ರಿ ಕಾಕಾ! ಈ ಸಲ ನಾ ಎಲ್ಲೂ ಓಡೂದಿಲ್ಲ."

ಮೊಬೈಲನ್ನು ಅಂಗಿಯೊಳಗೆ ತುರುಕಿ, ಹೊರಗಿದ್ದ ಬೈಕಿಗೆ ಕಿಕ್ ಹೊಡೆದೆ. ಹಿಂದಿನ ಸಂದಿಯಿಂದ ನುಗ್ಗಿದೆ. ಸೀರೆ ಅಂಗಡಿಗಳ ಸಾಲು. ಒಂದು ತಳ್ಳುಗಾಡಿ. ಬಾಳೆಹಣ್ಣು ಚೆಲ್ಲಿ ಬಿದ್ದವು. ಬೈಗುಳ ಬಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಎರಡು ಬಸ್ಸುಗಳ ನಡುವೆ ತೂರಿದೆ. ಹುನಗುಂದದ ಠಾಣೆಗೆ ಹೋಗುವುದು ನನ್ನ ಲೆಕ್ಕ. ಆದರೆ ಹೆದ್ದಾರಿಗೆ ಏರುವ ಕಡೆ ಒಂದು ಜೀಪು ಅಡ್ಡ ನಿಂತಿತ್ತು. ಅದರಲ್ಲಿದ್ದವನು ಕೈ ಬೀಸಿ ಆನಂದನಿಗೆ ಸನ್ನೆ ಮಾಡಿದ.

ಎಡಕ್ಕೆ ಹೊರಳಿದೆ. ಕ್ವಾರಿಯ ದಾರಿ. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ. ಕೆಲಸ ನಿಂತ ಕ್ವಾರಿ. ಲಾರಿ ಬಾರದಿರಲಿ ಎಂದು ರಸ್ತೆಗೆ ಅಡ್ಡವಾಗಿ ಯಾರೋ ಒಂದು ಗ್ರಾನೈಟ್ ಹಲಗೆ ಮಲಗಿಸಿದ್ದರು. ಗೇಣು ಎತ್ತರ. ಸುತ್ತಿ ಹೋಗಲು ಜಾಗವಿಲ್ಲ. ನಿಂತರೆ ಸಿಕ್ಕಿಬಿದ್ದೆ. ಹಾಗೇ ಹೋದರೆ ಮುಂದಿನ ಗಾಲಿ ಬಡಿದು ಸತ್ತೆ.

ಫಸ್ಟ್ ಗೇರ್. ಕ್ಲಚ್. ಎಕ್ಸಲೇಟರ್...

ಬಿಟ್ಟೆ!

ಮುಂದಿನ ಗಾಲಿ ಹಲಗೆ ದಾಟಿತು. ಹಿಂದಿನದು ಬಡಿದು ಪುಟಿಯಿತು. ದಾಟಿದೆ! ಆದರೆ ಆ ಹೊಡೆತಕ್ಕೆ ಬಲಗೈ ಎಕ್ಸಲೇಟರನ್ನು ಇನ್ನೂ ತಿರುವಿತು. ಗಾಲಿ ಇಳಿಯಲಿಲ್ಲ. ಇನ್ನೂ ಮೇಲೆ ಹೋಯಿತು.

ಆಕಾಶ. ಬರೀ ಆಕಾಶ.

ಆಗ ಕೇಳಿಸಿತು... ಆಡಿನ ಕೊರಳ ಗಂಟೆ. ಆಮೇಲೆ ಒಬ್ಬ ಮುದುಕಿಯ ದನಿ.

"ಯಾ ಅಲ್ಲಾ!"

ಕಾಣಲಿಲ್ಲ. ಗಾಲಿಯಾಚೆ ಯಾರಿದ್ದಾಳೆ, ಎಷ್ಟು ದೂರ... ಏನೂ ಕಾಣಲಿಲ್ಲ! ತಲೆ ಕೆಲಸ ಮಾಡಲಿಲ್ಲ. ಕಾಲು ಮಾಡಿತು.

ತುಳಿದೆ!

ಗಾಲಿ ನೆಲಕ್ಕೆ ಬಿತ್ತು. ಬೈಕು ಅಡ್ಡಡ್ಡ ಜಾರಿ ನಿಂತಿತು. ಒಂದು ಮೊಳ ದೂರದಲ್ಲಿ ಆಡಿನ ಮರಿಯನ್ನು ಅವುಚಿಕೊಂಡು ಮುದುಕಿ ನಿಂತಿದ್ದಳು. ಹೆಸರು ದಸ್ತಗೀರಬಿ ಎಂದು ಆಮೇಲೆ ತಿಳಿಯಿತು. ಅವಳು ನನ್ನನ್ನು ಬೈಯಲಿಲ್ಲ. ನೋಡಿದಳು, ಅಷ್ಟೇ. ಸುಲ್ತಾನಾ ಆ ದಿನ ಹೀಗೇ ನೋಡಿರಬೇಕು.

ಬೈಕಿನಿಂದ ಇಳಿದು ಅವಳನ್ನೂ ಮರಿಯನ್ನೂ ರಸ್ತೆ ಬದಿಗೆ ಸರಿಸಿದೆ.

ಹಿಂದೆ ಢಬಾರ್ ಎಂದಿತು! ಆನಂದ ಗಾಲಿ ಎತ್ತುವುದು ತಡವಾಗಿತ್ತು. ಹಲಗೆಯ ಈಚೆ ಅವನು ಕೆಳಗೆ, ಬೈಕು ಅವನ ಮೇಲೆ. ಅವನ ಜೊತೆಗಾರ ಹಲಗೆಯ ಆಚೆಯೇ ನಿಂತು, ಹ್ಯಾಂಡಲ್‌ಗೆ ಸಿಗಿಸಿದ್ದ ಮೊಬೈಲಿನಲ್ಲಿ ಎಲ್ಲ ವಿಡಿಯೋ ಮಾಡುತ್ತಿದ್ದ. ಹತ್ತಿರ ಬರಲಿಲ್ಲ.

ನಾನೇ ಹೋಗಿ ಬೈಕ್ ಎತ್ತಿದೆ.

"ಕಾಲು... ಯಪ್ಪಾ, ನನ್ನ ಕಾಲು!"

"ಎರಡೂ ಅದಾವ. ಎಣಸ್ಕೊ," ಎಂದೆ.

ದಸ್ತಗೀರಬಿ ಅವನಿಗೂ ನೀರು ಕೊಟ್ಟಳು. ಅವಳಿಗೆ ಏನು ಗೊತ್ತು ಪಾಪ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಬಂದು ಅವನನ್ನು ಎತ್ತಿಕೊಂಡ ಮೇಲೆ ಹುನಗುಂದದ ಠಾಣೆಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ಆಗಲೇ ಮೂವರು ಕೂತಿದ್ದರು. ಅಮೀನಬಿ, ಸುಲ್ತಾನಾ, ಸ್ವಲ್ಪ ದೂರದಲ್ಲಿ ಅನೀಸ. ಬಸ್ಸಿನಲ್ಲಿ ತಾನೇ ಅವರನ್ನು ಕರೆತಂದಿದ್ದ. ಸುಲ್ತಾನಾಳ ಊರುಗೋಲು ಅವನ ಕೈಯಲ್ಲಿತ್ತು. ಅವಳು ಅವನ ಕಡೆ ಒಮ್ಮೆಯೂ ನೋಡಲಿಲ್ಲ.

ವಿಡಿಯೋ ಕೊಟ್ಟೆ. ಅನೀಸ ಹೇಳಿಕೆ ಕೊಟ್ಟ. ಅಷ್ಟರಲ್ಲಿ ಆನಂದನ ಅಪ್ಪ ವಕೀಲರೊಂದಿಗೆ ಬಂದ. ಅವನ ಬಳಿಯೂ ಒಂದು ವಿಡಿಯೋ ಇತ್ತು. ಕ್ವಾರಿಯದು. ಠಾಣೆಯ ಸಾಹೇಬರು ಎರಡು ಸಲ ನೋಡಿದರು. ಕನ್ನಡಕ ತೆಗೆದರು.

"ಇದರಾಗ ಗಾಲಿ ಎತ್ತಿದಾವ್ರು ಯಾರ್ರಿ?"

"ನಾನ ರೀ ಸಾಹೇಬ್ರ."

"ಮತ್ತ ನಿಮ್ಮ ಮ್ಯಾಲೂ ಕೇಸ್ ಹಾಕಬೇಕಾಗ್ತೈತಿ."

"ಹಾಕ್ರಿ. ಆ ಮುದುಕಿ ಅಲ್ಲೇ ಇದ್ಲು. ಬರೇ ಒಂದು ಮೊಳ."

ಸುಲ್ತಾನಾ ಆಗ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಕೇಸ್ ಇನ್ನೂ ಕೋರ್ಟಿನಲ್ಲಿದೆ. ಆನಂದ ಬೇಲ್ ಮೇಲೆ ಹೊರಗಿದ್ದಾನೆ, ಎರಡೂ ಕಾಲಿನಲ್ಲಿ ಓಡಾಡುತ್ತಿದ್ದಾನೆ. ಅನೀಸ ಗ್ಯಾರೇಜಿಗೆ ಬೀಗ ಹಾಕಿದ್ದಾನೆ. ಪ್ರತಿ ತಾರೀಖಿಗೂ ಎಲ್ಲರಿಗಿಂತ ಮೊದಲು ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂಡುತ್ತಾನೆ. ಸುಲ್ತಾನಾ ಹೊಸ ಕಾಲಿಗೆ ಅಳತೆ ಕೊಟ್ಟು ಬಂದಿದ್ದಾಳೆ.

ನನ್ನದಾ? ಲೈಸೆನ್ಸ್ ಮೂರು ತಿಂಗಳು ಸಸ್ಪೆಂಡ್!

ಅದಕ್ಕೇ ನೋಡ್ರಿ, ಈ ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತು ತಲೆ ತಿನ್ನುತ್ತಿದ್ದೇನೆ... ಒಂಚೂರು ಸರೀರಿ, ಹೊಟ್ಟೆಗೆ ಜಾಗ ಸಾಲುತ್ತಿಲ್ಲ.