ಹೆಡ್‌ಸೆಟ್ ಬೇಡವೆಂದವಳು

“ಹೆಡ್‌ಸೆಟ್ ಕೊಡ್ಲಾ?” ಎಂದ ಗೆಥಿನ್.

“ದಿಮ್ ದಿಯೋಲ್ಖ್,” ಎಂದಳು ಮೈನಿರ್. ಬೇಡ, ಥ್ಯಾಂಕ್ಸ್ ಎಂದು ಅದರರ್ಥ. ಉಚ್ಚಾರ ಎಷ್ಟು ಚೊಕ್ಕವಾಗಿತ್ತೆಂದರೆ ಅವನು ತಲೆಯೆತ್ತಿ ಅವಳನ್ನು ಇನ್ನೊಮ್ಮೆ ನೋಡಿದ. ಆ ನೋಟ ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ನಿಂತಿತು. ಅವಳ ಕೆನ್ನೆ ಬಿಸಿಯಾಯಿತು. ಹುಡುಗಿ ನಾಚಿದಳು ಎಂದುಕೊಂಡ ಅವನು. ನಾಚಿಕೆಯೇ ಹೌದು, ಆದರೆ ಅವನು ತಿಳಿದ ಬಗೆಯದಲ್ಲ.

ಮೈನಿರ್‌ಗೆ ವೆಲ್ಷ್ ಬರುತ್ತಿರಲಿಲ್ಲ.

ಅದು ಅಬೆರಿಸ್ಟ್‌ವಿತ್‌ನಲ್ಲಿ ನಡೆದ ಮೊದಲ ಸಭೆ. ವೇಲ್ಸ್‌ನ ಶಾಸನಸಭೆಯಾದ ಸೆನೆಡ್‌ಗೆ ಚುನಾವಣೆ ಹತ್ತಿರ ಬರುತ್ತಿತ್ತು. ಮಕ್ಕಳಿಗೆ, ಕುಟುಂಬಗಳಿಗೆ ಮುಂದಿನ ಸರ್ಕಾರ ಮೊದಲು ಏನು ಮಾಡಬೇಕು ಎಂದು ಐದು ಬೇಡಿಕೆಗಳನ್ನು ಎಲ್ಲ ಪಕ್ಷಗಳ ಮುಂದಿಡಬೇಕಿತ್ತು. ಅದಕ್ಕಾಗಿ ಅವಳು ಕೆಲಸ ಮಾಡುವ ಒಕ್ಕೂಟ ಊರೂರು ಸುತ್ತಿ ತಾಯಿತಂದೆಯರ ಮಾತು ಕೇಳುತ್ತಿತ್ತು. ಪಟ್ಟಿ ಬರೆಯುವ ಹೊಣೆ ಮೈನಿರ್‌ದು. ಜನ ತಮಗೆ ಒಗ್ಗಿದ ಭಾಷೆಯಲ್ಲಿ ಮಾತಾಡುವರು. ವೆಲ್ಷ್ ಬಾರದವರು ಬಾಗಿಲಲ್ಲೇ ಹೆಡ್‌ಸೆಟ್ ತೆಗೆದುಕೊಂಡರೆ, ಹಿಂದಿನ ಮೂಲೆಯಲ್ಲಿ ಕೂತ ದುಭಾಷಿ ಗೆಥಿನ್ ಅವರ ಕಿವಿಯಲ್ಲಿ ಮೆಲ್ಲಗೆ ಇಂಗ್ಲಿಷ್ ಹೇಳುವನು.

ಅವಳ ಬಾಸ್ ಡಂಕನ್ ಇಂಗ್ಲೆಂಡಿನ ಲೀಡ್ಸ್ ಕಡೆಯವರು. ಖುಷಿಯಾಗಿ ಕಿವಿಗೆ ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಅವರಿಗೇನು, ಹೆಸರು ಡಂಕನ್! ಮೈನಿರ್ ಎಂಬ ಅಪ್ಪಟ ವೆಲ್ಷ್ ಹೆಸರಿಟ್ಟುಕೊಂಡು, ವೇಲ್ಸ್‌ನ ಮಕ್ಕಳ ನಾಳೆಗಳನ್ನು ಬರೆಯಲು ಹೊರಟವಳು ಎಲ್ಲರೆದುರು ಅದಕ್ಕೆ ಕೈಚಾಚುವುದಾದರೂ ಹೇಗೆ?

ಅಪ್ಪ ವೆಲ್ಷ್ ಆಡುವ ಉತ್ತರ ವೇಲ್ಸ್‌ನವನು, ಅಮ್ಮ ಇಂಗ್ಲಿಷ್ ಆಡುವ ನ್ಯೂಪೋರ್ಟಿನವಳು. ಮನೆಯಲ್ಲಿ ಇಂಗ್ಲಿಷೇ. ಭಾನುವಾರ ಮಾತ್ರ ಫೋನಿನಲ್ಲಿ ಅಪ್ಪನ ಅಮ್ಮ, ಅಜ್ಜಿ, ವೆಲ್ಷ್‌ನಲ್ಲಿ ಏನೋ ಕೇಳುತ್ತಿದ್ದಳು. ಪುಟ್ಟ ಮೈನಿರ್ ಏನೊಂದೂ ಅರ್ಥವಾಗದೆ “ದಾ ಯಾವ್ನ್” ಎನ್ನುತ್ತಿದ್ದಳು. ಬಹಳ ಚೆನ್ನಾಗಿದೆ. ಶಾಲೆ ಹೇಗಿದೆ? ದಾ ಯಾವ್ನ್. ಊಟ ಆಯ್ತಾ? ದಾ ಯಾವ್ನ್. ಅಜ್ಜಿ ನಗುತ್ತಿದ್ದಳು. ಅಜ್ಜಿ ಹೋದ ಮೇಲೂ ಆ ಪದಗಳು, ಜೊತೆಗೆ ‘ದಿಮ್ ದಿಯೋಲ್ಖ್’, ಅಜ್ಜಿಯ ಉಚ್ಚಾರದಲ್ಲೇ ನಾಲಿಗೆಯಲ್ಲಿ ಉಳಿದವು.

ಸಭೆ ಮುಗಿದು ಚಹಾದ ಹೊತ್ತಿಗೆ ಗೆಥಿನ್ ವೆಲ್ಷ್‌ನಲ್ಲಿ ಏನೋ ಹೇಳುತ್ತ ಹತ್ತಿರ ಬಂದ. ಮೈನಿರ್ ಕಣ್ಣಲ್ಲೇ ಡಂಕನ್‌ರನ್ನು ತೋರಿಸಿದಳು.

“ಇಂಗ್ಲಿಷಲ್ಲೇ ಮಾತಾಡೋಣ. ಪಾಪ, ಅವ್ರಿಗೆ ಬೇಜಾರಾಗತ್ತೆ.”

“ನಿಮ್ಮ ಮನಸ್ಸು ದೊಡ್ಡದು,” ಎಂದ ಅವನು. ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಒಣದ್ರಾಕ್ಷಿ ಬ್ರೆಡ್ಡಿನ ತುಂಡೊಂದನ್ನು ಮುಂದೆ ಹಿಡಿದ. “ಸರಿ, ಈ ಬಾರಾ ಬ್ರಿಥ್ ತಗೊಳ್ಳಿ. ಬೆಣ್ಣೆ ಜಾಸ್ತಿ ಹಚ್ಚಿದೀನಿ, ಡಂಕನ್‌ಗೆ ಹೇಳ್ಬೇಡಿ.”

ಹೀಗೆ ಶುರುವಾಯಿತು. ಊರು ಬದಲಾಗುತ್ತಿತ್ತು, ಬಾಗಿಲಲ್ಲಿ ಅದೇ ಪ್ರಶ್ನೆ, ಅದೇ ಉತ್ತರ, ಪ್ರತಿ ಸಲವೂ ಆ ನೋಟ. ಸಭೆಯಲ್ಲಿ ಜನ ನಕ್ಕರೆ ಅವಳೂ ನಗುವಳು, ಗಂಭೀರವಾದರೆ ಗಂಭೀರವಾಗುವಳು. ಹಿಂದಿರುಗುವಾಗ ಕಾರಿನಲ್ಲಿ ಒಬ್ಬಳೇ ಕೂತು, ಅವನ ಅನುವಾದದ ರೆಕಾರ್ಡಿಂಗ್ ಹಾಕಿಕೊಂಡು ಕೇಳುವಳು. ದುಭಾಷಿಗಳು ‘ಆಕೆ ಹೀಗಂದರು’ ಎನ್ನುವುದಿಲ್ಲ. ಯಾರ ಮಾತೋ ಅವರೇ ಆಗಿ ‘ನಾನು’ ಎನ್ನುತ್ತಾರೆ. ನಾನು ಅವಳಿ ಮಕ್ಕಳ ತಾಯಿ. ನನಗೆ ನಿದ್ದೆ ಬರಲ್ಲ. ನನ್ನ ಮಗಳನ್ನ ಕಂಡ್ರೆ ನನಗೆ ಜೀವ. ಬೆಟ್ಟದ ರಸ್ತೆ ತಿರುಗುತ್ತ ಹೋದಂತೆ ಆ ದನಿ ಅವಳೊಳಗೆ ಇಳಿಯುತ್ತ ಹೋಯಿತು. ಅವನು ನೀರು ಕುಡಿದ ಸದ್ದು ಬಂದರೂ ಅವಳಿಗೆ ನಗು ಬರುತ್ತಿತ್ತು. ಪ್ರೀತಿಯಲ್ಲಿ ಬಿದ್ದವರ ಬುದ್ಧಿ ಇಷ್ಟೇ.

ಬ್ಲೈನೌ ಊರಿನ ಸಭೆ ಚಾಪೆಲ್ ಪಕ್ಕದ ಹಾಲ್‌ನಲ್ಲಿತ್ತು. ಕೋಣೆ ತುಂಬ ಒದ್ದೆ ಕೋಟುಗಳ ವಾಸನೆ. ಕೊನೆಯಲ್ಲಿ ವೃದ್ಧಾಶ್ರಮದ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬಳು ಎದ್ದು ನಿಂತಳು. ಹೆಸರು ಮಾರೆಡ್. ತಲೆ ತಗ್ಗಿಸಿ, ಮೆಲುದನಿಯಲ್ಲಿ ಬಹಳ ಹೊತ್ತು ಮಾತಾಡಿದಳು. ‘ಬೆಗು’ ಎಂಬ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಮಗಳಿರಬೇಕು. ಮಗಳ ಬಗ್ಗೆ ಹೆಮ್ಮೆಯಿಂದ ಹೇಳುತ್ತಿರಬೇಕು. ಮಾತು ನಿಲ್ಲಿಸಿ, ಮಾರೆಡ್ ನೇರ ಮೈನಿರ್ ಮುಖವನ್ನೇ ನೋಡಿದಳು.

ಏನಾದರೂ ಹೇಳಬೇಕಿತ್ತು.

“ದಾ ಯಾವ್ನ್,” ಎಂದಳು ಮೈನಿರ್, ಮುಖ ತುಂಬ ನಗುತ್ತ. “ದಾ ಯಾವ್ನ್!”

ಮಾರೆಡ್‌ಳ ಮುಖ ಮೊದಲು ಬಿಳುಚಿತು, ಆಮೇಲೆ ಕತ್ತಿನವರೆಗೂ ಕೆಂಪಾಯಿತು. ಬ್ಯಾಗು ಎತ್ತಿಕೊಂಡು ಅವಳು ಹೊರಟೇಹೋದಳು. ಹೆಡ್‌ಸೆಟ್ ಹಾಕಿಕೊಂಡಿದ್ದ ಡಂಕನ್‌ರ ಕಣ್ಣು ಒದ್ದೆಯಾಗಿತ್ತು.

“ಮೈನಿರ್,” ಎಂದರು ಮೆಲ್ಲಗೆ, “ಏನಮ್ಮ ಅಂದ್‌ಬಿಟ್ಟೆ ನೀನು?”

ಕಾರುಗಳ ಹತ್ತಿರ ಗೆಥಿನ್ ಅವಳನ್ನು ಹಿಡಿದು ನಿಲ್ಲಿಸಿದ. ತುಂತುರು ಹನಿಯುತ್ತಿತ್ತು. ಅವನ ಮುಖದಲ್ಲಿ ಆ ಅರ್ಧ ನಗು ಇರಲಿಲ್ಲ.

“ಅವ್ರು ಏನ್ ಹೇಳಿದ್ರು ಅಂತ ಕೇಳ್ತೀರಾ?”

ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು, ಎಂದಿನಂತೆ, ಮಾರೆಡ್‌ಳೇ ಆಗಿ ಹೇಳಿದ.

“ನನ್ನ ಶಿಫ್ಟ್ ಬೆಳಕು ಹರಿಯೋಕ್ ಮುಂಚೆ ಶುರು. ಅಷ್ಟೊತ್ತಿಗೆ ಮಗುನ ನೋಡ್ಕೊಳ್ಳೋರು ಈ ಊರಲ್ಲಿ ಯಾರೂ ಇಲ್ಲ. ಒಂಬತ್ತು ವರ್ಷದ ಬೆಗು ಎದ್ದು ತಮ್ಮನಿಗೆ ಬಟ್ಟೆ ಹಾಕಿ, ಗಂಜಿ ತಿನ್ನಿಸಿ, ನರ್ಸರಿಗೆ ಬಿಟ್ಟು ತಾನು ಶಾಲೆಗೆ ಹೋಗ್ತಾಳೆ. ನನ್ನ ಕೆಲ್ಸ ನನ್ನ ಮಗಳ ತಲೆ ಮೇಲೆ ಹಾಕಿದೀನಿ. ಇದನ್ನ ಯಾರಿಗೂ ಹೇಳಿರ್ಲಿಲ್ಲ. ನಾಚಿಕೆ ಆಗತ್ತೆ ನಂಗೆ.”

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ ಎನಿಸಿತು ಅವಳಿಗೆ. ಬೆಳಗಿನ ಜಾವದ ಶಿಶುಪಾಲನೆಯ ಮಾತು ಬೇರೆ ಊರುಗಳಲ್ಲೂ ಬಂದಿತ್ತು. ‘ಕೆಲವೇ ಮನೆಗಳ ತೊಂದರೆ’ ಎಂದು ಅದನ್ನು ಐದರ ಪಟ್ಟಿಯಿಂದ ಕೈಬಿಟ್ಟವಳೂ ಅವಳೇ.

“ನಂಗೆ ವೆಲ್ಷ್ ಬರಲ್ಲ, ಗೆಥಿನ್.”

“ಗೊತ್ತು.”

“ಯಾವಾಗಿಂದ?”

“ಮೊದಲನೇ ದಿನದಿಂದ. ಜೋಕ್‌ಗೆ ನೀವು ಪಕ್ಕದವರು ನಕ್ಕ ಮೇಲೇ ನಗ್ತಿದ್ರಿ.” ಅವನು ನೆಲ ನೋಡಿದ. “ನಿಮಗೆ ಮುಜುಗರ ಆಗಬಾರ್ದು ಅಂತ ಸುಮ್ನಿದ್ದೆ. ನಿಮ್ಮನ್ನ ನೋಡ್ತಾ ಇರೋದೇ ಚೆನ್ನಾಗಿತ್ತು ನಂಗೆ. ನಾವಿಬ್ರೂ ಚೆಲ್ಲಾಟ ಆಡಿದ್ವಿ, ಮಾನ ಹೋಗಿದ್ದು ಆ ತಾಯಿದು.”

ತಾನು ಇಷ್ಟಪಟ್ಟವನು ತನ್ನನ್ನೂ ಇಷ್ಟಪಟ್ಟಿದ್ದನೆಂದು ತಿಳಿಯುವ ಗಳಿಗೆ ಹೀಗೂ ಇರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಅವಳ ಕಡೆ ತಿರುಗದೆ ಕಾರು ಹತ್ತಿದ.

ಮಾರನೆಯ ದಿನ ಮೈನಿರ್ ಮಾರೆಡ್‌ಳ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದದ್ದು ಎರಡು ಜಡೆಯ ಹುಡುಗಿ, ಸೊಂಟದ ಮೇಲೆ ತಮ್ಮ. ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಂಗ್ಲಿಷಿನಲ್ಲೇ ಕೇಳಿದಳು.

“ದಾ ಯಾವ್ನ್ ಆಂಟಿ ನೀವೇನಾ? ಊರಲ್ಲೆಲ್ಲಾ ನಿಮ್ದೇ ಮಾತು.”

“ಬೆಗು, ಒಳಗೆ ಹೋಗು,” ಎನ್ನುತ್ತ ಮಾರೆಡ್ ಬಂದಳು. ಒಳಗೆ ಕರೆಯಲಿಲ್ಲ.

“ನನಗೆ ಅರ್ಥ ಆಗ್ಲಿಲ್ಲ,” ಎಂದಳು ಮೈನಿರ್. “ಅರ್ಥ ಆದೋಳ ಥರ ನಾಟಕ ಆಡಿದೆ. ದಯವಿಟ್ಟು ಕ್ಷಮಿಸಿ.”

“ಇಂಗ್ಲಿಷ್ ನಂಗೂ ಬರತ್ತೆ ಕಣ್ರೀ. ಆದ್ರೆ ಆ ಮಾತು ನಂಗೆ ಇಂಗ್ಲಿಷಲ್ಲಿ ಬರಲ್ಲ. ಎಷ್ಟು ದಿನ ಹೊಟ್ಟೇಲೇ ಇಟ್ಕೊಂಡಿದ್ದೆ ಗೊತ್ತಾ? ಬಾಗಿಲಲ್ಲಿ ಹೆಡ್‌ಸೆಟ್ ಕೊಡ್ತಿದ್ರು, ನೀವೇ ಬೇಡ ಅಂದ್ರಿ.”

“ಏನ್ ಮಾಡ್ಲಿ ಹೇಳಿ.”

“ಇಲ್ಲಿ ಬಂದು ಗುಟ್ಟಾಗಿ ಕ್ಷಮೆ ಕೇಳ್ಬೇಡಿ. ನನ್ನ ಮಾನ ಹೋಗಿದ್ದು ಹತ್ತು ಜನರ ಮುಂದೆ.” ಬಾಗಿಲು ಮುಚ್ಚಿತು. ಒಳಗೆ ಮಗು ಅಳತೊಡಗಿತು, ಅದನ್ನು ಸಮಾಧಾನ ಮಾಡಿದ್ದೂ ಬೆಗುವಿನ ದನಿಯೇ.

ರಾಜಧಾನಿಯ ಕಾರ್ಡಿಫ್ ಬೇ ಸಭಾಂಗಣದಲ್ಲಿ ಎಲ್ಲ ಪಕ್ಷದವರೂ ಸೇರಿದ್ದರು. ಬೇಡಿಕೆಗಳನ್ನು ಮುಂದಿಡುವ ದಿನ ಅದು. ಮೈನಿರ್ ಪತ್ರ ಬರೆದು ಕರೆದಿದ್ದಳು. ಮಾರೆಡ್ ಬಂದಿದ್ದಳು, ಬೆಗುವಿನ ಕೈ ಹಿಡಿದು, ಎರಡನೆಯ ಸಾಲಿನಲ್ಲಿ.

ಬಾಗಿಲಲ್ಲಿ ಗೆಥಿನ್ ನಿಂತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಹೆಡ್‌ಸೆಟ್ ಹಿಂದೆಗೆದುಕೊಂಡ. ಕೇಳಲಿಲ್ಲ.

“ನಂಗೊಂದು ಕೊಡಿ,” ಎಂದಳು ಮೈನಿರ್. ದನಿ ಬೇಕೆಂದೇ ಎತ್ತರಿಸಿದ್ದಳು. ಪರಿಚಯದ ಇಬ್ಬರು ಶಾಸಕರು ತಿರುಗಿ ನೋಡಿದರು. ಅವಳ ಕಿವಿಯ ತುದಿವರೆಗೂ ರಕ್ತ ಏರಿತು. ಗೆಥಿನ್ ಹೆಡ್‌ಸೆಟ್ ಅವಳ ಕೈಗಿಟ್ಟ. ಅವನ ಬೆರಳು ಕ್ಷಣಕಾಲ ಅಲ್ಲೇ ಉಳಿಯಿತು.

ವೇದಿಕೆ ಹತ್ತಿ ಅವಳು ಬರೆದುಕೊಂಡು ಬಂದದ್ದನ್ನು ಓದಲಿಲ್ಲ.

“ನನ್ನ ಹೆಸರು ಮೈನಿರ್. ನನಗೆ ವೆಲ್ಷ್ ಬರಲ್ಲ. ಅದನ್ನ ಮುಚ್ಚಿಟ್ಟುಕೊಂಡು ಊರೂರು ತಿರುಗಿದೀನಿ. ಒಬ್ಬ ತಾಯಿ ಯಾರಿಗೂ ಹೇಳದ ಕಷ್ಟ ಹೇಳ್ಕೊಂಡಾಗ, ಅರ್ಥ ಆಗದೆ, ‘ಬಹಳ ಚೆನ್ನಾಗಿದೆ’ ಅಂದೆ. ನಾಚಿಕೆಪಡಬೇಕಾದವಳು ನಾನು, ಆ ತಾಯಿ ಅಲ್ಲ. ಮಾರೆಡ್ ಅವರೇ, ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ಬೆಳಗಿನ ಜಾವ ಕೆಲಸಕ್ಕೆ ಹೋಗೋರ ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ, ನಾನೇ ಕಿತ್ತುಹಾಕಿದ ಬೇಡಿಕೆ ಅದು. ಇವತ್ತಿಂದ ಅದೇ ಮೊದಲನೆಯದು. ಯಾಕೆ ಅಂತ ನಾನು ಹೇಳಲ್ಲ. ಅವ್ರು ಹೇಳೋದಾದ್ರೆ, ಈ ಸಲ ಕೇಳ್ತೀನಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಕೆಮ್ಮಿದರು. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂದುಕೊಳ್ಳುತ್ತ ಅವಳು ಕೆಳಗಿಳಿದು ಡಂಕನ್ ಪಕ್ಕ ಕೂತು ಹೆಡ್‌ಸೆಟ್ ಹಾಕಿಕೊಂಡಳು. ಮಾರೆಡ್ ಸ್ವಲ್ಪ ಹೊತ್ತು ಮಗಳ ಜಡೆ ನೇವರಿಸುತ್ತ ಕೂತಿದ್ದಳು. ಆಮೇಲೆ ಎದ್ದಳು.

ಕಿವಿಯಲ್ಲಿ ಗೆಥಿನ್‌ನ ದನಿ ಬಂತು. ನಾನು ವೃದ್ಧಾಶ್ರಮದಲ್ಲಿ ಕೆಲಸ ಮಾಡ್ತೀನಿ. ನನ್ನ ಮಗಳ ಹೆಸರು ಬೆಗು. ಎರಡು ಕಡೆ ಆ ದನಿ ಒಡೆಯಿತು. ಮೈನಿರ್ ಅಳು ತಡೆಯಲಿಲ್ಲ. ಯಾರು ನೋಡಿದರೆ ಏನು ಎನ್ನುವಷ್ಟು ಧೈರ್ಯ ಅವಳಿಗೆ ಬಂದಿರಲಿಲ್ಲ, ಆದರೂ ಮುಖ ಮುಚ್ಚಿಕೊಳ್ಳಲಿಲ್ಲ.

ಸಭೆ ಮುಗಿಯಿತು. ಮೂರು ಪಕ್ಷದವರು ಮಾರೆಡ್‌ಳ ಸುತ್ತ ನಿಂತು ವಿಳಾಸ ಕೇಳುತ್ತಿದ್ದರು. ಗೆದ್ದ ಮೇಲೆ ನೆನಪಿಟ್ಟುಕೊಳ್ಳುತ್ತಾರೋ ಇಲ್ಲವೋ, ಅದು ಬೇರೆ ಮಾತು. ಬೆಗು ಮಾತ್ರ ಮೈನಿರ್ ಹತ್ತಿರ ಬಂದಳು.

“ಈ ಸಲ ಕೇಳಿಸ್ತಾ?”

“ಕೇಳಿಸ್ತು, ಪುಟ್ಟಿ.”

“ಹ್ಞೂಂ,” ಎಂದು ಅವಳು ದೊಡ್ಡವಳಂತೆ ತಲೆದೂಗಿ ಅಮ್ಮನ ಕಡೆ ಓಡಿದಳು.

ಹೆಡ್‌ಸೆಟ್ ತೆಗೆಯಲು ಮೈನಿರ್ ಕೈಯೆತ್ತಿದಳು. ಅಷ್ಟರಲ್ಲಿ ಕಿವಿಯಲ್ಲಿ ಅದೇ ದನಿ, ಇನ್ನೂ ಮೆಲ್ಲಗೆ.

“ಈಗ ಯಾರ ಮಾತನ್ನೂ ಅನುವಾದ ಮಾಡ್ತಿಲ್ಲ. ಈ ‘ನಾನು’ ನಾನೇ. ಅವತ್ತು ನಿಮ್ಮನ್ನ ಮಳೇಲಿ ಬಿಟ್ಟು ಹೋಗಿದ್ದಕ್ಕೆ ನಾಚಿಕೆ ಆಗತ್ತೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದಕ್ಕೆ ಇನ್ನೂ ನಾಚಿಕೆ. ಸಿಟ್ಟಿಲ್ಲ ಅಂದ್ರೆ ಒಂದ್ಸಲ ಹಿಂದೆ ತಿರುಗಿ.”

ಅವಳು ತಿರುಗಿದಳು. ಪಕ್ಕದಲ್ಲಿ ಡಂಕನ್ ಕೂಡ ತಿರುಗಿದರು. ಅವರ ಕಿವಿಯಲ್ಲೂ ಹೆಡ್‌ಸೆಟ್ ಹಾಗೇ ಇತ್ತು.

“ನಂಗೇನೂ ಕೇಳಿಸ್ಲಿಲ್ಲಪ್ಪ,” ಎಂದು ಅವರು ಅವಸರವಾಗಿ ಅದನ್ನು ಕಿತ್ತು, ಕೋಟು ತೆಗೆದುಕೊಂಡು ಎದ್ದರು. “ಸೋಮವಾರ ಬೇಗ ಬಾ, ಮೈನಿರ್. ಪಟ್ಟಿ ಮತ್ತೆ ಬರೀಬೇಕಲ್ಲ.”

ಖಾಲಿ ಕುರ್ಚಿಗಳ ನಡುವೆ ನಡೆದು ಅವಳು ಗೆಥಿನ್‌ನ ಮೇಜಿನ ಮುಂದೆ ನಿಂತಳು. ಅವನು ಮೈಕ್ ಆರಿಸಿದ. ಅವಳನ್ನೇ ನೋಡುತ್ತ, ವೆಲ್ಷ್‌ನಲ್ಲಿ ಒಂದೇ ಒಂದು ವಾಕ್ಯ ಹೇಳಿದ. ಹೇಳುವಾಗ ಅವನ ಕಿವಿಯೂ ಕೆಂಪಾಗಿತ್ತು. ಅದರ ಅರ್ಥವನ್ನು ಯಾರಾದರೂ ಊಹಿಸಬಹುದಿತ್ತು. ದಾ ಯಾವ್ನ್ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿಕೊಂಡಳು.

“ನಂಗೆ ಅರ್ಥ ಆಗ್ಲಿಲ್ಲ,” ಎಂದಳು ಮೈನಿರ್. “ಇನ್ನೊಂದ್ಸಲ ಹೇಳಿ.”

ಅವನು ಇನ್ನೊಂದು ಸಲ ಹೇಳಿದ, ಒಂದೊಂದೇ ಪದ ಬಿಡಿಸಿ, ಅವಳು ಕಲಿಯುವಷ್ಟು ನಿಧಾನವಾಗಿ.