ಏಳು ಸೆಕೆಂಡಿನ ಅಳು

"ನಿನ್ನೆ ನಿನಗೆ ನಾಯಿ ಕಚ್ತಂತಲ್ಲ, ಎಲ್ಲಿ ತೋರಿಸು?"

ಶಾಲೆಯ ಗೇಟಿನಲ್ಲಿ ಲೌಡ್‌ಸ್ಪೀಕರ್ ಕಾದು ನಿಂತಿದ್ದ. ಅವನ ಗಂಟಲು ದೊಡ್ಡದು, ಅದಕ್ಕೇ ಆ ಹೆಸರು. ಅವನು ಗುಟ್ಟು ಹೇಳಿದರೂ ಮೈದಾನದ ಆ ತುದಿಗೆ ಕೇಳುತ್ತಿತ್ತು.

"ನಾಯಿನೂ ಕಚ್ಚಿಲ್ಲ, ನರಿನೂ ಕಚ್ಚಿಲ್ಲ. ದಾರಿ ಬಿಡು" ಎಂದಳು ಅವಳು.

"ಮತ್ತೆ ಟಿವಿಯಲ್ಲಿ ಬಾಯಿ ಬಿಟ್ಕೊಂಡು ಅಳ್ತಾ ಇದ್ದೆ?"

ಹಿಂದೆ ನಿಂತಿದ್ದವರೆಲ್ಲ ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಕಳೆದ ವಾರ ಅವಳಿಗೆ ಟಿವಿಯಲ್ಲಿ ಜ್ವರ ಬಂದಿತ್ತು. ಅದಕ್ಕೂ ಮೊದಲು ಬಸ್ ಚಾರ್ಜ್ ಜಾಸ್ತಿಯಾಯಿತೆಂದು ಅತ್ತಿದ್ದಳು. ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಅತ್ತಿದ್ದಳು. ಪರೀಕ್ಷೆ ಮುಂದಕ್ಕೆ ಹೋದಾಗಲೂ ಅತ್ತಿದ್ದಳು. ಪರೀಕ್ಷೆ ಮುಂದಕ್ಕೆ ಹೋದರೆ ಯಾವ ಮಗುವಾದರೂ ಅಳುತ್ತದೆಯೇ?

ನಿಜ ಹೇಳಬೇಕೆಂದರೆ ಅವಳು ಅತ್ತಿದ್ದು ಒಂದೇ ಸಲ. ಒಂದನೇ ಕ್ಲಾಸಿನಲ್ಲಿದ್ದಾಗ, ಇಂಜೆಕ್ಷನ್ ಚುಚ್ಚಿಸಿಕೊಳ್ಳುವಾಗ. ಅದನ್ನು ಊರಿನ ಟಿವಿ ಚಾನೆಲ್ ನಡೆಸುವ ಅವಳ ಅಮ್ಮ ಕ್ಯಾಮೆರಾದಲ್ಲಿ ಹಿಡಿದಿದ್ದಳು. ಬರೀ ಏಳು ಸೆಕೆಂಡು. ಮುಂದಿನ ಎರಡು ಹಲ್ಲು ಇಲ್ಲ, ಮೂಗು ಸೋರುತ್ತಿದೆ, ಬಾಯಿ ಇಷ್ಟಗಲ. ಈಗ ಅವಳು ಐದನೇ ಕ್ಲಾಸು. ಹಲ್ಲು ಬಂದಾಗಿತ್ತು, ಜಡೆ ಉದ್ದವಾಗಿತ್ತು. ಆದರೆ ಊರಿನ ಟಿವಿಯಲ್ಲಿ ಅವಳ ಮೂಗು ಇನ್ನೂ ಸೋರುತ್ತಲೇ ಇತ್ತು.

ಮಕ್ಕಳ ಯಾವ ಸುದ್ದಿ ಬಂದರೂ ಈ ಹಳೆಯದನ್ನೇ ಹಾಕುತ್ತಿದ್ದರು. ಹಾಕಿದಾಗೆಲ್ಲ ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸಂಗ್ರಹ ಚಿತ್ರ' ಎಂದು ಬರುತ್ತಿತ್ತು. ಇದು ಇವತ್ತಿನದಲ್ಲ, ಮೊದಲೇ ತೆಗೆದಿಟ್ಟಿದ್ದು ಎಂದು ನೋಡುವವರಿಗೆ ತಿಳಿಯಲಿ ಅಂತ. ಅದರಿಂದ ಆದ ಲಾಭ ಇಷ್ಟೇ. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು 'ಸಂಗ್ರಹ' ಎಂದು ಕರೆಯತೊಡಗಿದರು.

ಸಂಜೆ ಮನೆಯ ದಾರಿಯಲ್ಲಿ ಪಕ್ಕದ ಮನೆಯ ಅಜ್ಜಿ ತಡೆದು ನಿಲ್ಲಿಸಿದರು. ಅವರು ತಮಾಷೆ ಮಾಡುವವರಲ್ಲ. ನಾಯಿ ಎಲ್ಲಿ ಕಚ್ಚಿತು, ಸೂಜಿ ಹಾಕಿಸಿಕೊಂಡೆಯಾ, ನಿಮ್ಮಮ್ಮನಿಗೆ ಊರ ಸುದ್ದಿಯೆಲ್ಲ ಬೇಕು, ಮಗಳನ್ನು ನೋಡಿಕೊಳ್ಳುವುದಕ್ಕೆ ಪುರುಸೊತ್ತಿಲ್ಲವಾ ಎಂದು ಕೇಳಿದರು. ಕಾಲು ತೋರಿಸಿದರೂ ನಂಬಲಿಲ್ಲ. ಟಿವಿಯಲ್ಲೇ ಬಂದ ಮೇಲೆ ಕಾಲನ್ನು ಯಾರು ನಂಬುತ್ತಾರೆ?

ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ಟಿವಿ ಆಫೀಸಿಗೆ ಹೋದಳು.

ಆಫೀಸು ಎಂದರೆ ಟೈರ್ ಅಂಗಡಿಯ ಮೇಲಿನ ಮೂರು ಕೋಣೆ. ಒಂದರಲ್ಲಿ ನೀಲಿ ಪರದೆ, ಅದರ ಮುಂದೆ ಒಂದು ಮೇಜು. ಮೇಜಿನ ಮುಂಭಾಗಕ್ಕೆ ಮಾತ್ರ ಬಣ್ಣ. ಕ್ಯಾಮೆರಾಗೆ ಕಾಣದ ಕಡೆ ಬಳಿಯುವುದು ದಂಡ ಎಂದು ಬಿಟ್ಟಿದ್ದರು. ವಾರ್ತೆ ಓದುವವನು ಅವಳ ಸೋದರಮಾವ. ಅವನೂ ಆ ಮೇಜಿನ ಹಾಗೆಯೇ. ಮೇಲೆ ಕೋಟು, ಟೈ. ಕೆಳಗೆ ಮಂಡಿ ಸವೆದ ಪೈಜಾಮ. ಓದುವಾಗ ಫ್ಯಾನ್ ಹಾಕುವಂತಿಲ್ಲ, ಸದ್ದು ಬರುತ್ತದೆ. ಕೆಳಗೆ ಟೈರಿಗೆ ಗಾಳಿ ತುಂಬುವ ಮಷಿನ್ ಗುರುಗುಟ್ಟಿದರೆ ಕೋಲಿನಿಂದ ನೆಲ ಕುಟ್ಟಬೇಕು. ಕುಟ್ಟಿದರೆ ಅವರು ನಿಲ್ಲಿಸುತ್ತಾರೆ, ಪಾಪ.

ಉಳಿದದ್ದೆಲ್ಲ ಅಮ್ಮನದೇ. ಸುದ್ದಿ ಹುಡುಕುವುದು, ಕ್ಯಾಮೆರಾ ಹಿಡಿಯುವುದು, ಕತ್ತರಿಸಿ ಜೋಡಿಸುವುದು. "ನಮ್ಮದು ಯಾರ ಹಂಗೂ ಇಲ್ಲದ ಚಾನೆಲ್" ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. "ಹಂಗೂ ಇಲ್ಲ, ಫ್ಯಾನೂ ಇಲ್ಲ" ಎಂದು ಮಾವ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ.

ಅವಳು ಬ್ಯಾಗನ್ನು ಕುರ್ಚಿಯ ಮೇಲೆ ಎಸೆದಳು. "ಅಮ್ಮಾ, ಅದನ್ನ ತೆಗೆದುಹಾಕು."

ಯಾವುದನ್ನು ಎಂದು ಅಮ್ಮ ಕೇಳಲಿಲ್ಲ. ಈ ಜಗಳ ಹೊಸದಲ್ಲ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಬೇರೆ ಮಗುವಿನ ಶಾಟ್ ಒಂದೂ ಇಲ್ಲವಲ್ಲ ಎಂದಳು.

"ಊರಲ್ಲಿ ಬೇರೆ ಮಕ್ಕಳೇ ಇಲ್ವಾ?"

"ಇದಾರೆ. ಅವರ ಮುಖ ಹಾಕ್ಬೇಕಾದ್ರೆ ಅವರ ಅಮ್ಮನ್ನ ಕೇಳ್ಬೇಕು. ಕೇಳ್ದೆ ನಾನು ಯಾರ ಮಕ್ಕಳ ಮುಖಾನೂ ಹಾಕಲ್ಲ. ಒಬ್ಬರು ಬೇಡ ಅಂತಾರೆ, ಒಬ್ಬರು ನಾಳೆ ಹೇಳ್ತೀನಿ ಅಂತಾರೆ. ಕೇಳಿದ ತಕ್ಷಣ ಒಪ್ಕೊಂಡಿದ್ದು ನಿಮ್ಮಮ್ಮ ಒಬ್ಬಳೇ."

ಮಾವ ಫಕ್ಕನೆ ನಕ್ಕ. ಅವಳಿಗೆ ನಗು ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಈ ಅಮ್ಮನಿಗೆ ಮಾತ್ರ ಊರಿನ ಎಲ್ಲ ರೋಗಕ್ಕೂ ಹಿತ್ತಲ ಗಿಡವೇ ಮದ್ದು.

ಅಷ್ಟರಲ್ಲಿ ಮಾವ ಮರುದಿನದ ಸುದ್ದಿ ನೋಡಿಕೊಂಡು, ನಾಳೆಯಿಂದ ಶಾಲೆಗಳಲ್ಲಿ ಲಸಿಕೆ ವಾರ ಎಂದ. ಒಂದು ವಾರ ಮಕ್ಕಳಿಗೆಲ್ಲ ಇಂಜೆಕ್ಷನ್, ವಾರವಿಡೀ ಪ್ರತಿ ರಾತ್ರಿಯೂ ಅದೇ ಸುದ್ದಿ.

ಅವಳು ಅಮ್ಮನ ಕಡೆ ತಿರುಗಿದಳು. "ಒಂದು ವಾರಾನೂ ನಾನೇನಾ?"

ಅಮ್ಮನಿಗೂ ಸಾಕುಸಾಕಾಗಿತ್ತು. ನಾಳೆ ಒಡೆದ ನೀರಿನ ಪೈಪಿನ ಹತ್ತಿರ ಹೋಗಬೇಕು, ಮಾರುಕಟ್ಟೆಗೆ ಹೋಗಬೇಕು, ಇರುವುದು ಎರಡೇ ಕಾಲು. "ಬೇರೆ ಶಾಟ್ ಇದ್ರೆ ತಾನೇ ಹಾಕೋದು? ನೀನೇ ತಂದ್ಕೊಡು, ಅದನ್ನೇ ಹಾಕ್ತೀನಿ" ಎಂದು ಸಿಡುಕಿದಳು.

"ತರ್ತೀನಿ."

ಅಮ್ಮ ಮಾತಿಗೆ ಹೇಳಿದ್ದಳು, ಅವಳು ಪಟ್ಟು ಹಿಡಿದಳು. ಕೊನೆಗೆ ಅಮ್ಮ ಹೆಡ್ ಮಿಸ್‌ಗೆ ಫೋನ್ ಮಾಡಿ ಒಪ್ಪಿಗೆ ಕೇಳಿದಳು, ತನ್ನ ಹಳೆಯ ಫೋನ್ ಕೊಟ್ಟಳು. ಕೈ ಅಲ್ಲಾಡಿಸಬಾರದು, ಉಸಿರು ಬಿಗಿಹಿಡಿಯಬೇಕು, ಹತ್ತು ಎಣಿಸಿ ನಿಲ್ಲಿಸಬೇಕು ಎಂದು ಕಲಿಸಿಕೊಟ್ಟಳು.

ಮರುದಿನ ಶಾಲೆಯ ಲೈಬ್ರರಿಯಲ್ಲಿ ನರ್ಸ್ ಬಂದು ಕುಳಿತರು. ಹೊರಗಿನವರೆಗೂ ಸಾಲು. ಲೌಡ್‌ಸ್ಪೀಕರ್ ಸಾಲಿನ ಉದ್ದಕ್ಕೂ ಓಡಾಡುತ್ತ, ಇಂಜೆಕ್ಷನ್ ಅಂದರೆ ಇರುವೆ ಕಚ್ಚಿದ ಹಾಗೆ, ಅದಕ್ಕೆ ಅಳುವವರು ಸಂಗ್ರಹದವರು ಮಾತ್ರ ಎಂದು ಸಾರುತ್ತಿದ್ದ. ಸಾಲು ಮುಂದೆ ಸರಿದ ಹಾಗೆ ಅವನ ದನಿ ಇಳಿಯಿತು. ಬೆಂಚಿನ ಮೇಲೆ ಕೂರುವ ಹೊತ್ತಿಗೆ ಸ್ವಿಚ್ ಆಫ್ ಆದ ಹಾಗೆ ಪೂರ್ತಿ ನಿಂತಿತು.

ಅವಳು ಫೋನ್ ಎತ್ತಿ ಹಿಡಿದಳು.

ನರ್ಸ್ ಇನ್ನೂ ಹತ್ತಿಯಿಂದ ತೋಳು ಒರೆಸುತ್ತಿದ್ದರು, ಅಷ್ಟಕ್ಕೇ ಅವನ ಬಾಯಿ ಸೊಟ್ಟಗಾಯಿತು. ಆಮೇಲೆ ಅತ್ತನಪ್ಪ ಅತ್ತ! ಮೂಗು ಸೋರಿತು, ಗಲ್ಲ ನಡುಗಿತು. ಅವಳು ಉಸಿರು ಬಿಗಿಹಿಡಿದು ಎಣಿಸಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದು ಸುಳ್ಳಲ್ಲ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಕೈ ಇಳಿಸಿದಳು, ಫೋನಿನ ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತಳು.

ಊಟದ ಬಿಡುವಿನಲ್ಲಿ ಅವನು ಅವಳ ಹತ್ತಿರ ಬಂದ. "ತೆಗೆದ್ಯಾ?"

"ತೆಗೆದೆ."

"ಟಿವಿಯಲ್ಲಿ ಹಾಕ್ತೀರಾ?"

ಅದನ್ನು ಎಡಿಟರ್ ಹೇಳಬೇಕು ಎಂದು ಅವಳು ದೊಡ್ಡ ಮನುಷ್ಯಳಂತೆ ಹೇಳಿದಳು. ಅವನು ಆಡಿದ ಮಾತು ಪಕ್ಕದಲ್ಲಿದ್ದವರಿಗೂ ಕೇಳಿಸದೇ ಇದ್ದದ್ದು ಅವತ್ತೇ ಮೊದಲು.

ಸಂಜೆ ಅಮ್ಮ ಆ ಶಾಟನ್ನು ದೊಡ್ಡ ಪರದೆಗೆ ಹಾಕಿ ನೋಡಿದಳು. ಕೈ ಅಲ್ಲಾಡಿಲ್ಲ, ಬೆಳಕೂ ಚೆನ್ನಾಗಿದೆ ಎಂದಳು. ಅಮ್ಮ ಸುಮ್ಮಸುಮ್ಮನೆ ಹೊಗಳುವವಳಲ್ಲ. ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆಮೇಲೆ ಅಮ್ಮ ತನ್ನ ನಿಯಮದಂತೆ ಹುಡುಗನ ಮನೆಗೆ ಫೋನ್ ಮಾಡಿದಳು. ಅವನ ಅಮ್ಮನ ಗಂಟಲೂ ದೊಡ್ಡದೇ. ಫೋನಿನ ಸ್ಪೀಕರ್ ಹಾಕದೆಯೇ ಮೂರೂ ಕೋಣೆಗೆ ಕೇಳಿತು.

"ಅಯ್ಯೋ, ಹಾಕಿ ಹಾಕಿ! ಅದನ್ನೇನು ಕೇಳ್ತೀರಿ? ಈಗಲೇ ನೆಂಟರಿಗೆಲ್ಲ ಹೇಳ್ತೀನಿ."

ಅವರ ಹಿಂದಿನಿಂದ ಇನ್ನೊಂದು ಸಣ್ಣ ದನಿ ಬಂತು. "ಬೇಡಮ್ಮ, ಬೇಡ ಅನ್ನು."

"ನೀನು ಸುಮ್ನಿರೋ" ಎಂದರು ಅವನ ಅಮ್ಮ. ಫೋನ್ ಕಟ್ ಆಯಿತು.

ಅಮ್ಮ ಎರಡು ಶಾಟನ್ನೂ ಅಕ್ಕಪಕ್ಕದ ಪರದೆಗೆ ಹಾಕಿದಳು. ಹಳೆಯದು ತೆಗೆದು ಆ ಜಾಗಕ್ಕೆ ಹೊಸದು ಕೂರಿಸಬೇಕು, ಅಷ್ಟೇ. ಟಿವಿಯಲ್ಲಿ ತನ್ನ ಅಳು ಬಂದಾಗೆಲ್ಲ ಅವಳು ಎದ್ದು ಹೋಗುತ್ತಿದ್ದಳು. ಪೂರ್ತಿ ಏಳು ಸೆಕೆಂಡು ನೋಡಿದ್ದು ಇವತ್ತೇ.

ಕೊನೆಯಲ್ಲಿ ಆ ಪುಟ್ಟ ಹುಡುಗಿ ಎರಡೂ ಕೈ ಮುಂದೆ ಚಾಚುತ್ತಾಳೆ. ಎತ್ತಿಕೋ ಎನ್ನುವ ಹಾಗೆ, ನೇರವಾಗಿ ಕ್ಯಾಮೆರಾ ಕಡೆಗೆ. ಕ್ಯಾಮೆರಾ ಹಿಡಿದಿದ್ದವಳು ಅಮ್ಮ.

ಅವಳು ಪಕ್ಕದ ಪರದೆ ನೋಡಿದಳು. ಲೌಡ್‌ಸ್ಪೀಕರ್ ಕೂಡ ಕ್ಯಾಮೆರಾ ಕಡೆಗೇ ನೋಡುತ್ತಿದ್ದ. ಕ್ಯಾಮೆರಾ ಹಿಡಿದಿದ್ದವಳು ಅವಳು.

"ಇದು ಬೇಡ" ಎಂದಳು.

ಅಮ್ಮ ಮೌಸ್ ಬಿಟ್ಟು ತಿರುಗಿದಳು. "ನಿನ್ನೆಯಿಂದ ನನ್ನ ತಲೆ ತಿಂದು ಹಾಕ್ದೆ. ಈಗ ಬೇಡ ಅಂದ್ರೆ? ಅವರಮ್ಮ ಒಪ್ಪಿದಾರೆ."

"ಅವನು ಒಪ್ಪಿಲ್ಲ."

"ಹಾಗಾದ್ರೆ ನಿಂದೇ ಹೋಗುತ್ತೆ."

"ನಾನೂ ಒಪ್ಪಿಲ್ಲ. ನೀನು ಎಲ್ಲರ ಮನೆಗೂ ಫೋನ್ ಮಾಡಿ ಕೇಳ್ತೀಯ. ನನ್ನ ಒಂದು ಸಲಾನೂ ಕೇಳಿಲ್ಲ."

ಹೇಳುವಾಗ ಅವಳ ಕಣ್ಣು ತುಂಬಿ ಬಂತು. ಥತ್, ಬೇಡವೆಂದಾಗಲೇ ಬರುವ ಅಳು! ಕೆಳಗೆ ಗಾಳಿ ಮಷಿನ್ ಗುರುಗುಟ್ಟತೊಡಗಿತು. ಕೋಲು ಪಕ್ಕದಲ್ಲೇ ಇದ್ದರೂ ಯಾರೂ ನೆಲ ಕುಟ್ಟಲಿಲ್ಲ. ಅಮ್ಮ ಪರದೆಯ ಕಡೆ ತಿರುಗಿದಳು. ಕೈ ಚಾಚಿದ ಪುಟ್ಟ ಹುಡುಗಿ ಅಲ್ಲೇ ನಿಂತಿದ್ದಳು.

"ಅವತ್ತು ಕ್ಯಾಮೆರಾ ಕೆಳಗಿಟ್ಟು ಎತ್ಕೋಬೇಕಿತ್ತು" ಎಂದಳು ಅಮ್ಮ, ಮೆಲ್ಲಗೆ.

ಆಮೇಲೆ ಮುಖ ಒರೆಸಿಕೊಂಡು, "ಸರಿ, ಎರಡೂ ಬೇಡ. ಈಗ ಏನು ಹಾಕ್ಲಿ? ಮಾವನ ಮುಖಾನಾ?" ಎಂದಳು.

"ನಾನೂ ಒಪ್ಪಿಲ್ಲ" ಎಂದ ಮಾವ, ಟೈ ಸರಿ ಮಾಡಿಕೊಳ್ಳುತ್ತ.

ಇಷ್ಟು ಹೊತ್ತೂ ಪಕ್ಕದ ಪರದೆಯಲ್ಲಿ ಅವಳು ತೆಗೆದ ಶಾಟ್ ತನ್ನ ಪಾಡಿಗೆ ಓಡುತ್ತಲೇ ಇತ್ತು. ಅಳು ಮುಗಿದು, ಗೋಡೆ ವಾಲಿ, ಲೈಬ್ರರಿಯ ನೆಲ ಬಂತು. ನೆಲದ ಮೇಲೆ ಕಾಲುಗಳು. ಬೆಂಚಿನಿಂದ ನೆಲಕ್ಕೆ ಎಟುಕದೆ ತೂಗಾಡುವ ಎರಡು ಶೂಗಳು, ಒಂದರ ಲೇಸ್ ಬಿಚ್ಚಿತ್ತು. ಹಿಂದೆ ಸಾಲಿನಲ್ಲಿ ತುದಿಗಾಲಲ್ಲಿ ನಿಂತು ಇಣುಕುವ ಕಾಲುಗಳು. ಒಂದನ್ನೊಂದು ಉಜ್ಜಿಕೊಳ್ಳುವ ಕಾಲುಗಳು. ಹಿಂದಕ್ಕೆ ಹಿಂದಕ್ಕೆ ಸರಿಯುವ ಒಂದು ಜೊತೆ.

"ನಿಲ್ಲಿಸೋದು ಮರ್ತಿದ್ಯಾ?" ಎಂದು ಅಮ್ಮ ಕೇಳಿದಳು.

ಅವಳು ತಲೆ ತಗ್ಗಿಸಿ ಹೂಂ ಎಂದಳು.

"ಒಳ್ಳೆದಾಯ್ತು ಬಿಡು" ಎಂದು ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅವಳು ಹೋಗಿ ನೆಲ ಕುಟ್ಟಿದಳು. ಮಷಿನ್ ನಿಂತಿತು. ಮಾವ ಬೆವರುತ್ತ ಲಸಿಕೆ ವಾರದ ಸುದ್ದಿ ಓದಿದ. ಪರದೆಯ ತುಂಬ ಕಾಲುಗಳು. ಮುಖ ಒಂದೂ ಇರಲಿಲ್ಲ. ಆದರೂ ಎಲ್ಲರಿಗೂ ಎಷ್ಟು ಹೆದರಿಕೆಯಾಗಿತ್ತು ಎಂದು ಚೆನ್ನಾಗಿ ತಿಳಿಯುತ್ತಿತ್ತು.

ವಾರ್ತೆ ಮುಗಿದ ಮೇಲೆ ಅಮ್ಮ ಹಳೆಯ ಶಾಟಿನ ಮೇಲೆ ಬಾಣದ ಗುರುತು ಇಟ್ಟು ಅವಳ ಕಡೆ ತಿರುಗಿದಳು.

"ಅಳಿಸ್ಲಾ?"

ಈ ಸಲ ಅಮ್ಮ ಕೇಳಿದ್ದಳು. ಅವಳು ಅಮ್ಮನ ಪಕ್ಕ ಹೋಗಿ ನಿಂತಳು. "ಟಿವಿಯಿಂದ ತೆಗಿ. ಮನೆಗೆ ಬೇಕಾದ್ರೆ ಇಟ್ಕೋ. ಅವನ ಮುಖದ್ದನ್ನ ಮಾತ್ರ ಪೂರ್ತಿ ಅಳಿಸಿಬಿಡು."

ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ದೊಡ್ಡ ಜಗಳ ನಡೆದಿತ್ತು. ತುದಿಗಾಲಲ್ಲಿ ನಿಂತಿದ್ದವಳು ನಾನು ಎಂದು ಒಬ್ಬಳು, ಅಲ್ಲ ನಾನು ಎಂದು ಇನ್ನೊಬ್ಬಳು. ಹಿಂದಕ್ಕೆ ಸರಿಯುತ್ತಿದ್ದ ಕಾಲು ಮಾತ್ರ ಯಾರದೂ ಅಲ್ಲವಂತೆ. ಬೆಂಚಿನ ಮೇಲಿದ್ದದ್ದು ಯಾರು, ಲೇಸ್ ಬಿಚ್ಚಿದ ಶೂ ಯಾರದು ಎಂದು ಎಲ್ಲರೂ ಒಬ್ಬರ ಕಾಲನ್ನೊಬ್ಬರು ನೋಡುತ್ತಿದ್ದರು.

ಲೌಡ್‌ಸ್ಪೀಕರ್ ಗೋಡೆಗೆ ಒರಗಿ ಒಂದು ಕಾಲಿನ ಹಿಂದೆ ಇನ್ನೊಂದನ್ನು ಬಚ್ಚಿಟ್ಟುಕೊಂಡು ನಿಂತಿದ್ದ. ಅವಳು ಬಂದಾಗ ಎಂದಿನಂತೆ 'ಸಂಗ್ರಹ' ಎಂದು ಕರೆಯಲು ಬಾಯಿ ತೆರೆದ. ಕರೆಯಲಿಲ್ಲ.

"ಮುಖ?" ಎಂದು ಮಾತ್ರ ಕೇಳಿದ, ಪಿಸುದನಿಯಲ್ಲಿ.

"ಇಲ್ಲ. ಅಳಿಸಿದ್ವಿ."

ಹುಡುಗರು ಶೂ ನೋಡುತ್ತ ನೋಡುತ್ತ ಗೋಡೆಯ ಕಡೆಗೇ ಬರುತ್ತಿದ್ದರು.

"ಲೇಸ್ ಇನ್ನೂ ಹಾಗೇ ಇದೆ. ಕಟ್ಕೋ" ಎಂದಳು ಅವಳು, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

ಅವನು ಬಗ್ಗಿ ಕಟ್ಟಿಕೊಂಡು ಏಳುವವರೆಗೂ ಅವಳು ಅವನಿಗೆ ಅಡ್ಡವಾಗಿ ನಿಂತಿದ್ದಳು.